‘ಲ್ಯಾಬಿಗೆ ಕಳಿಸಿದ್ದೇವೆ’ ಅಂದರೆ ಯಾವ ಲ್ಯಾಬಿಗೆ, ಸಾಹೇಬರೇ?

ಮಾನ್ಯ ಗೃಹ ಸಚಿವರಿಗೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಡಿಸಿ ಮತ್ತು ಎಸ್ಪಿ ಸಾಹೇಬರಿಗೆ, ಜೊತೆಗೆ ಇದನ್ನು ಓದುವ ನಮ್ಮ ಭಾಗದ ಮಂದಿಗೆ,

ನಮಸ್ಕಾರ ರೀ.

ನಾನು ಬಾಗಲಕೋಟೆ ನವನಗರದಲ್ಲಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವನು. ವಕೀಲ ಅಲ್ಲ, ಡಾಕ್ಟರ್ ಅಲ್ಲ, ಪೊಲೀಸೂ ಅಲ್ಲ. ಆದರೆ ಈ ಮೂರೂ ಜನರ ಕಾಗದಗಳು ದಿನಾ ನನ್ನ ಕೈಯಲ್ಲೇ ಓಡಾಡುತ್ತವೆ. ಎಫ್‌ಐಆರ್ ಪ್ರತಿ, ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಪರಿಹಾರದ ಅರ್ಜಿ. ಹದಿನೆಂಟು ವರ್ಷದಿಂದ ಇದೇ ಕೆಲಸ. ಅರ್ಜಿ ಟೈಪ್ ಮಾಡುವಾಗ ಮಂದಿ ಎದುರಿಗೆ ಸ್ಟೂಲ್ ಮೇಲೆ ಕೂತು ತಮ್ಮ ಕಥೆ ಹೇಳುತ್ತಾರೆ. ಆ ಕಥೆಗಳಲ್ಲಿ ಎಲ್ಲದಕ್ಕಿಂತ ಜಾಸ್ತಿ ಬಾರಿ ಬರುವ ಮಾತು ಒಂದೇ: ‘ಲ್ಯಾಬಿಗೆ ಕಳಿಸೇವಿ ಅಂದಾರ್ರೀ, ಇನ್ನೂ ಬಂದಿಲ್ಲ.’

ಮೊದಲು ನಾನೂ ಲ್ಯಾಬ್ ಅಂದರೆ ಒಂದು ದೊಡ್ಡ ಕೋಣೆ, ಅಲ್ಲಿ ಬಿಳಿ ಕೋಟು ಹಾಕಿದ ಒಬ್ಬರು ಕೂತು ಏನು ಕೊಟ್ಟರೂ ಪರೀಕ್ಷೆ ಮಾಡಿ ಸತ್ಯ ಹೇಳಿಬಿಡುತ್ತಾರೆ ಅಂದುಕೊಂಡಿದ್ದೆ. ಟಿವಿಯಲ್ಲಿ ಹಾಗೇ ತೋರಿಸುತ್ತಾರೆ, ಅಲ್ವಾ? ರಕ್ತ ನೋಡುವವರೂ ಅವರೇ, ಬುಲೆಟ್ ನೋಡುವವರೂ ಅವರೇ, ಕೊನೆಗೆ ಕಳ್ಳನನ್ನು ಬೆನ್ನಟ್ಟಿ ಹಿಡಿಯುವವರೂ ಅವರೇ. ನಮ್ಮ ಕಾಕಾ ತೀರಿಕೊಂಡ ಮೇಲೆ ಗೊತ್ತಾಯಿತು, ಅದು ಸಂತೆ ಇದ್ದ ಹಾಗೆ ಅಂತ. ಬಟ್ಟೆ ಅಂಗಡಿಗೆ ಹೋಗಿ ಬೆಲ್ಲ ಕೇಳಿದರೆ ಇಲ್ಲ ಅನ್ನುತ್ತಾರೆ. ಹಾಗಂತ ಸಂತೆಯಲ್ಲಿ ಬೆಲ್ಲವೇ ಇಲ್ಲ ಅಂತ ಬರೆದುಕೊಡುವುದಕ್ಕೆ ಆಗುತ್ತಾ?

ಕಾಕಾನ ವಿಷಯ ಹೇಳುತ್ತೇನೆ.

ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಗೆ ನಮ್ಮ ಊರು. ಸುತ್ತ ಕಬ್ಬೇ ಕಬ್ಬು. ತ್ರೀ ಫೇಸ್ ಕರೆಂಟು ರಾತ್ರಿ ಬರುವ ಪಾಳಿ ಇತ್ತು, ಆದ್ದರಿಂದ ಕಾಕಾ ನೀರು ಹಾಯಿಸಲು ತೋಟದಲ್ಲೇ ಉಳಿದಿದ್ದರು. ಪಂಪ್‌ಸೆಟ್ ಶೆಡ್ಡಿನಲ್ಲಿ ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗಿದ್ದರು. ಬೆಳಗಿನ ಜಾವ ಹೊಟ್ಟೆ ನೋವು ಅಂತ ಎದ್ದರು. ರಾತ್ರಿಯ ಊಟ ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡರಂತೆ. ಆಮೇಲೆ ಗಂಟಲು ಹಿಡಿದ ಹಾಗೆ ಆಗಿದೆ, ಕಣ್ಣಿನ ರೆಪ್ಪೆ ಎತ್ತಲು ಆಗಿಲ್ಲ. ಪಕ್ಕದ ಹೊಲದವರು ಬಂದು ಚಾಪೆ ಎತ್ತಿದಾಗ ಮಡಿಕೆಯಲ್ಲಿ ಕಟ್ಟುಹಾವು ಇತ್ತು. ಕರಿ ಮೈ, ಅದರ ಮೇಲೆ ಬಿಳಿ ಪಟ್ಟಿ. ಈ ಹಾವು ಕಚ್ಚಿದರೆ ಬಾವು ಬರುವುದಿಲ್ಲ, ಉರಿ ಕಡಿಮೆ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗದೆ ಇರಬಹುದು. ಆಸ್ಪತ್ರೆಯಲ್ಲಿ ಲಕ್ಷಣ ನೋಡಿಯೇ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಹಾಕಿದರು. ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ಆಂಬುಲೆನ್ಸಿನಲ್ಲೇ ಉಸಿರು ನಿಂತಿತು.

ಯುಡಿಆರ್ ಕೇಸು ಆಯಿತು. ಅಂದರೆ ಅಸಹಜ ಸಾವು. ಪೋಸ್ಟ್‌ಮಾರ್ಟಂ ಆಯಿತು. ವಿಸೆರಾ, ಅಂದರೆ ಹೊಟ್ಟೆಯೊಳಗಿನ ಅಂಗಗಳ ಮಾದರಿ, ಲ್ಯಾಬಿಗೆ ಹೋಯಿತು. ಹದಿನಾಲ್ಕು ತಿಂಗಳು ಆದ ಮೇಲೆ ಒಂದು ಹಾಳೆಯ ವರದಿ ಬಂತು. ಕಳಿಸಿದ ವಸ್ತುಗಳಲ್ಲಿ ವಿಷದ ಅಂಶ ಕಂಡುಬಂದಿಲ್ಲ. ಅಷ್ಟೇ. ಆ ಹಾಳೆ ಹಿಡಿದುಕೊಂಡು ಪರಿಹಾರ ಕೇಳಲು ಹೋದ ಕಚೇರಿಯಲ್ಲಿ, ಹಾವು ಕಡಿದು ಸತ್ತಿದ್ದಕ್ಕೆ ಪುರಾವೆ ಇಲ್ಲ ಅಂತ ಅರ್ಜಿ ವಾಪಸ್ ಮಾಡಿದರು.

ಕಾಕಾನ ಹೆಂಡತಿ, ನಮ್ಮ ಕಾಕು, ನನ್ನ ಅಂಗಡಿಗೆ ಬಂದು ಅದೇ ಸ್ಟೂಲ್ ಮೇಲೆ ಕೂತರು. ವರದಿ ನನ್ನ ಕೈಗೆ ಕೊಟ್ಟು ಕೇಳಿದರು: ‘ಹಂಗಾರ ನಿಮ್ಮ ಕಾಕಾಗ ಹಾವು ಕಡದೇ ಇಲ್ಲೇನಪಾ? ನಾ ಸುಳ್ಳ ಹೇಳೇನೇನು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಗೆ ಬರುವ ಒಬ್ಬ ವಿಧಿವಿಜ್ಞಾನ ಡಾಕ್ಟರಿಗೆ, ಅಂದರೆ ಪೋಸ್ಟ್‌ಮಾರ್ಟಂ ಮಾಡುವುದನ್ನೇ ಓದಿದವರಿಗೆ, ಆ ಹಾಳೆ ತೋರಿಸಿದೆ. ಅವರು ಓದಿ, ಹಣೆ ಒತ್ತಿಕೊಂಡು, ಟೀ ಹೇಳಿಸಿ ಅಂದರು. ಅವತ್ತು ಅವರು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ವಿಸೆರಾ ಅಂದರೆ ಸಾಮಾನ್ಯವಾಗಿ ಮೂರು ನಾಲ್ಕು ಬಾಟಲಿ. ಒಂದರಲ್ಲಿ ಜಠರ, ಅದರೊಳಗೆ ಇದ್ದದ್ದು ಮತ್ತು ಸಣ್ಣ ಕರುಳಿನ ಒಂದು ತುಂಡು. ಇನ್ನೊಂದರಲ್ಲಿ ಲಿವರ್ ಮತ್ತು ಎರಡೂ ಕಿಡ್ನಿಯ ಅರ್ಧರ್ಧ. ಇನ್ನೊಂದರಲ್ಲಿ ರಕ್ತ. ಅಂಗಗಳು ಕೆಡದ ಹಾಗೆ ಹಾಕುವುದು ಏನು ಗೊತ್ತಾ? ಉಪ್ಪಿನ ನೀರು. ನಮ್ಮ ಅಡುಗೆಮನೆಯ ಉಪ್ಪೇ, ಇನ್ನು ಕರಗುವುದಿಲ್ಲ ಅನ್ನುವಷ್ಟು ಕರಗಿಸಿದ್ದು. ಉಪ್ಪಿನಕಾಯಿ ಭರಣಿಯ ನೆನಪು ಬಂತು ನನಗೆ, ಕೆಟ್ಟ ಹೋಲಿಕೆ, ಕ್ಷಮಿಸಿ. ಬಾಟಲಿಯನ್ನು ಪೂರ್ತಿ ತುಂಬಬಾರದು, ಮೂರರಲ್ಲಿ ಎರಡು ಭಾಗ ಮಾತ್ರ, ಇಲ್ಲವಾದರೆ ಒಳಗೆ ಗ್ಯಾಸ್ ಆಗಿ ಮುಚ್ಚಳ ಹಾರುತ್ತದೆ. ಹಾಕಿದ ಉಪ್ಪು ನೀರಿನದೇ ಒಂದು ಬಾಟಲಿಯನ್ನು ಬೇರೆಯಾಗಿ ಕಳಿಸಬೇಕು, ವಿಷ ಆ ನೀರಿನಿಂದಲೇ ಬಂದಿಲ್ಲ ಅಂತ ತೋರಿಸುವುದಕ್ಕೆ. ಮೇಲೆ ಬಟ್ಟೆ ಕಟ್ಟಿ ಅರಗಿನ ಸೀಲು ಹಾಕುತ್ತಾರೆ. ಆ ಸೀಲಿನ ಗುರುತನ್ನು ಕಾಗದದ ಮೇಲೂ ಒತ್ತಿ ಜೊತೆಗೆ ಕಳಿಸುತ್ತಾರೆ. ಒಂದು ಸಲ ಕಾನ್‌ಸ್ಟೆಬಲ್ ಒಬ್ಬರು ಇಂಥ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳಗಾವಿ ಬಸ್ಸಿನಲ್ಲಿ ಕೂತದ್ದನ್ನು ನಾನೇ ನೋಡಿದ್ದೇನೆ. ಪಕ್ಕದ ಸೀಟಿನ ಅಜ್ಜಿ ‘ಏನ್ ಸಿಹಿ ತಗೊಂಡ್ ಹೊಂಟೀಯೋ ತಮ್ಮಾ’ ಅಂತ ಕೇಳಿದರೆ ಪಾಪ ಆ ಹುಡುಗ ಕಿಟಕಿ ಕಡೆ ಮುಖ ಮಾಡಿದ.

ಈ ಬಾಟಲಿಗಳು ಹೋಗುವುದು ವಿಷಶಾಸ್ತ್ರದ ವಿಭಾಗಕ್ಕೆ. ಅಲ್ಲಿ ಹುಡುಕುವುದು ಕ್ರಿಮಿನಾಶಕ, ಇಲಿ ಪಾಷಾಣ, ದತ್ತೂರಿಯಂಥ ಗಿಡದ ವಿಷ, ನಿದ್ದೆ ಮಾತ್ರೆ, ಸಾರಾಯಿ, ಲೋಹದ ವಿಷ. ಅದರಲ್ಲಿ ಅವರು ಪಳಗಿದವರು. ಮುಂಬೈ ಪ್ರಾಂತ್ಯದ ಕಾಲದಿಂದ ನಡೆದು ಬಂದ ವಿದ್ಯೆ ಅದು. ದೇಶದ ಮೊದಲ ಇಂಥ ರಸಾಯನ ಪರೀಕ್ಷಾಲಯ 1849ರಲ್ಲಿ ಮದ್ರಾಸಿನಲ್ಲಿ ಶುರುವಾಯಿತು, ಮುಂಬೈಯಲ್ಲಿ 1870ರಲ್ಲಿ. ಈಗ ಗ್ಯಾಸ್ ಕ್ರೊಮ್ಯಾಟೊಗ್ರಫಿ ಅನ್ನುವ ಯಂತ್ರಗಳಿವೆ. ಮಾದರಿಯನ್ನು ಕಾಯಿಸಿ ಆವಿ ಮಾಡಿ, ಆ ಆವಿಯಲ್ಲಿ ಯಾವ ವಸ್ತು ಎಷ್ಟಿದೆ ಅಂತ ಬಿಡಿಸುತ್ತವೆ. ಕ್ರಿಮಿನಾಶಕ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಆದರೆ ಹಾವಿನ ವಿಷ ಪ್ರೊಟೀನು ರೀ. ತತ್ತಿಯನ್ನು ಕಾಯಿಸಿದರೆ ಏನಾಗುತ್ತದೆ? ಆವಿಯಾಗಿ ಹಾರುತ್ತದಾ? ಗಟ್ಟಿಯಾಗಿ ಕೂರುತ್ತದೆ. ಹಾಗೆಯೇ ಇದೂ. ಕ್ರಿಮಿನಾಶಕ ಹುಡುಕುವ ಪರೀಕ್ಷೆಯಲ್ಲಿ ಹಾವಿನ ವಿಷ ಕಾಣುವುದೇ ಇಲ್ಲ. ಮೇಲಾಗಿ ಅದು ಹೊಟ್ಟೆಗೆ ಹೋದ ವಿಷವೂ ಅಲ್ಲ. ಜಠರದಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು? ಹಾವು ಕಚ್ಚಿದ ಅನುಮಾನ ಇದ್ದರೆ ಕಚ್ಚಿದ ಜಾಗದ ಚರ್ಮ ಮತ್ತು ಅದರ ಕೆಳಗಿನ ಮಾಂಸ ತೆಗೆಯಬೇಕು. ಹೋಲಿಸಿ ನೋಡಲು ಇನ್ನೊಂದು ಕಾಲಿನ ಅದೇ ಜಾಗದ ಚರ್ಮವನ್ನೂ ತೆಗೆಯಬೇಕು. ಒಂದು ತುಂಡು, ಅಂಗ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ, ಅಂದರೆ ಮೈಕ್ರೋಸ್ಕೋಪಿನಲ್ಲಿ ಅಂಗ ನೋಡುವ ವಿಭಾಗಕ್ಕೆ, ಹೋಗಬೇಕು, ಇನ್ನೊಂದು ತುಂಡಿಗೆ ಫಾರ್ಮಲಿನ್ ತಾಕಿಸದೆ ತಂಪಿನಲ್ಲಿ ಇಡಬೇಕು, ವಿಷವನ್ನೇ ಗುರುತಿಸುವ ಎಲೈಸಾ ಪರೀಕ್ಷೆಗೆ. ಆ ಪರೀಕ್ಷೆ ಎಲ್ಲಾ ಕಡೆ ಸಿಗುವಂಥದ್ದೂ ಅಲ್ಲ. ಅದೆಲ್ಲ ಇಲ್ಲದಿದ್ದರೂ ಆಸ್ಪತ್ರೆಯ ಕೇಸ್ ಶೀಟ್ ಇದೆಯಲ್ಲ. ರೆಪ್ಪೆ ಬಿದ್ದದ್ದು, ಉಸಿರು ಕಟ್ಟಿದ್ದು, ಎಷ್ಟು ವಯಲ್ ಇಂಜೆಕ್ಷನ್ ಕೊಟ್ಟರು ಅನ್ನುವುದು. ಅದೇ ದೊಡ್ಡ ಪುರಾವೆ. ಕಾಕಾನ ಫೈಲಿನಲ್ಲಿ ಕೇಸ್ ಶೀಟ್ ಇರಲೇ ಇಲ್ಲ. ವಿಸೆರಾ ಕಳಿಸುವ ಪತ್ರದಲ್ಲಿ ಹಾವು ಅನ್ನುವ ಪದವೂ ಇರಲಿಲ್ಲ. ‘ಸಾವಿಗೆ ಕಾರಣ ತಿಳಿಸಿ’ ಅಂತ ಇತ್ತು.

ಲ್ಯಾಬಿನವರು ತಪ್ಪು ಮಾಡಲಿಲ್ಲ ನೋಡಿ. ಅವರನ್ನು ಕೇಳಿದ್ದಕ್ಕೆ ಅವರು ಸರಿಯಾದ ಉತ್ತರವನ್ನೇ ಕೊಟ್ಟರು. ಕೇಳಿದವರು ತಪ್ಪು ಅಂಗಡಿಯಲ್ಲಿ ಕೇಳಿದರು. ಅನುಭವಿಸಿದ್ದು ಮಾತ್ರ ಕಾಕು.

ಇದರಲ್ಲಿ ನನಗೆ ಹೊಟ್ಟೆ ಉರಿಯುವ ವಿಷಯ ಏನೆಂದರೆ, ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ 2024ರಲ್ಲಿ ಘೋಷಿಸಿದ್ದು ನಮ್ಮ ಕರ್ನಾಟಕವೇ. ದೇಶದಲ್ಲಿ ಮೊದಲು. ಒಂದು ಇಲಾಖೆ ಹಾವು ಕಡಿತವನ್ನು ಲೆಕ್ಕ ಹಾಕುತ್ತದೆ, ಇನ್ನೊಂದು ಇಲಾಖೆ ಅದೇ ಮನುಷ್ಯನಿಗೆ ಹಾವು ಕಡಿದದ್ದಕ್ಕೆ ಪುರಾವೆ ಇಲ್ಲ ಅನ್ನುತ್ತದೆ.

2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಿಎನ್‌ಎಸ್‌ಎಸ್, ಅದರ 176ನೇ ಕಲಂ ಮೂರನೇ ಉಪಕಲಂ ಬಗ್ಗೆ ನೀವೆಲ್ಲ ಸಭೆಗಳಲ್ಲಿ ಹೇಳುತ್ತೀರಿ. ಏಳು ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆ ಆಗುವ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೋ ಮಾಡಬೇಕು. ಒಳ್ಳೆಯದೇ. ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ, ಅದೂ ಸರಿ. ಆದರೆ ಯುಡಿಆರ್ ಅದರೊಳಗೆ ಬರುವುದಿಲ್ಲ. ಹಾವು ಕಡಿದು, ಕರೆಂಟ್ ಹೊಡೆದು, ಬಾವಿಗೆ ಬಿದ್ದು ಸಾಯುವ ನಮ್ಮ ಹೊಲದ ಮಂದಿಗೆ ಆ ತಜ್ಞರು ಬರುವುದಿಲ್ಲ. ಅವರ ಪಾಲಿಗೆ ಈಗಲೂ ಒಬ್ಬ ಹೆಡ್ ಕಾನ್‌ಸ್ಟೆಬಲ್, ಒಬ್ಬ ತಾಲ್ಲೂಕಿನ ಡಾಕ್ಟರು, ನಾಲ್ಕು ಬಾಟಲಿ.

ಕಾಕಾನ ವಿಷಯ ಆದ ಮೇಲೆ ನನಗೆ ಚಟ ಹತ್ತಿತು. ಯಾರಾದರೂ ಲ್ಯಾಬ್ ಅಂದರೆ ಸಾಕು, ಏನು ಕಳಿಸಿದರು, ಎಲ್ಲಿಗೆ ಕಳಿಸಿದರು, ಏನು ಕೇಳಿದರು ಅಂತ ಕೇಳತೊಡಗಿದೆ. ಸುಮ್ನೆ ಅಧಿಕಪ್ರಸಂಗ ಅಂತ ಕೆಲವರು ಅಂದರು.

ನನ್ನ ಕಸುಬಿಗೇ ಅಂಟಿದ ಒಂದು ಉದಾಹರಣೆ ಹೇಳುತ್ತೇನೆ. ಆಸ್ತಿಯ ವಾಟ್ನಿ ಪತ್ರದ, ಅಂದರೆ ಪಾಲುಪತ್ರದ, ಜಗಳ. ಅಣ್ಣ ಸಹಿ ಮಾಡಿದ್ದಾನೆ, ಅವ್ವ ಹೆಬ್ಬೆಟ್ಟು ಒತ್ತಿದ್ದಾಳೆ. ತಮ್ಮ ಎರಡೂ ಖೊಟ್ಟಿ ಅನ್ನುತ್ತಾನೆ. ಲ್ಯಾಬಿಗೆ ಕಳಿಸಿ ಅಂತ ಹಠ. ಒಂದೇ ಹಾಳೆ, ಆದರೆ ನೋಡುವವರು ಇಬ್ಬರು. ಸಹಿ ನೋಡುವವರು ದಾಖಲೆ ಪರೀಕ್ಷಕರು. ಹೆಬ್ಬೆಟ್ಟು ನೋಡುವವರು ಬೆರಳಚ್ಚು ತಜ್ಞರು. ಇವರ ಕಣ್ಣಿಗೆ ಅದು ಕಾಣುವುದಿಲ್ಲ, ಅವರ ಕಣ್ಣಿಗೆ ಇದು. ದಾಖಲೆ ಪರೀಕ್ಷಕರು ಸಹಿಯ ಓಟ ನೋಡುತ್ತಾರೆ. ನಿಜವಾದ ಸಹಿ ಸರಾಗವಾಗಿ ಹರಿದಿರುತ್ತದೆ, ಶುರುವಿನಲ್ಲೂ ಕೊನೆಯಲ್ಲೂ ಗೆರೆ ಚೂಪಾಗಿರುತ್ತದೆ. ನೋಡಿ ನೋಡಿ ಬಿಡಿಸಿದ್ದಾದರೆ ಗೆರೆ ನಡುಗುತ್ತದೆ, ಮಧ್ಯೆ ಪೆನ್ನು ಎತ್ತಿದ ಗುರುತು ಇರುತ್ತದೆ, ತುದಿ ಮೊಂಡಾಗಿರುತ್ತದೆ. ಪೆನ್ನಿನ ಒತ್ತಡಕ್ಕೆ ಕಾಗದದ ಹಿಂದೆ ಎದ್ದ ಉಬ್ಬನ್ನೂ ನೋಡುತ್ತಾರೆ. ಬೇರೆ ಬೇರೆ ಬೆಳಕಿನಲ್ಲಿ ಹಿಡಿದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಶಾಯಿ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಅಂಕಿ ತಿದ್ದಿ ಮೂರು ಎಕರೆಯನ್ನು ಎಂಟು ಎಕರೆ ಮಾಡಿದವರು ಹೀಗೇ ಸಿಕ್ಕಿಬೀಳುವುದು.

ಇದೆಲ್ಲ ಆಗಲು ಮೂಲ ಪತ್ರ ಬೇಕು. ಝೆರಾಕ್ಸ್ ತೆಗೆದುಕೊಂಡು ಹೋದರೆ ಒತ್ತಡ ಎಲ್ಲಿ, ಶಾಯಿ ಎಲ್ಲಿ? ಇಷ್ಟು ವರ್ಷ ಮಂದಿಗೆ ‘ಮೂಲ ಮನೆಯಲ್ಲಿ ಭದ್ರ ಇಟ್ಟು ಝೆರಾಕ್ಸ್ ಕೊಡ್ರೀ’ ಅಂತ ಬುದ್ಧಿ ಹೇಳಿದ ಝೆರಾಕ್ಸ್ ಅಂಗಡಿಯವನೇ ಇದನ್ನು ಬರೆಯಬೇಕಾಗಿ ಬಂದಿದೆ. ಇನ್ನೊಂದು ಮಾತು. ಹೋಲಿಸಲು ಕೊಡುವ ಸಹಿ ಅದೇ ಕಾಲದ್ದು ಇರಬೇಕು. 1998ರ ಪತ್ರಕ್ಕೆ ಇವತ್ತು ಠಾಣೆಯಲ್ಲಿ ಕೂರಿಸಿ ಹಾಕಿಸಿದ ಸಹಿ ಹೋಲಿಸಿದರೆ, ನಡುವೆ ಪಾರ್ಶ್ವವಾಯು ಹೊಡೆದ ಕೈ ಬೇರೆಯೇ ಬರೆಯುತ್ತದೆ. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಅದೇ ವರ್ಷದ ಹಳೆ ಸಹಿ ಇದ್ದೇ ಇರುತ್ತದೆ, ಹುಡುಕಿಸಬೇಕು.

ಹೆಬ್ಬೆಟ್ಟಿನ ವಿಷಯದಲ್ಲಂತೂ ಜಗತ್ತಿಗೆ ಪಾಠ ಹೇಳಿದ್ದು ನಮ್ಮ ದೇಶ. 1858ರಲ್ಲಿ ಬಂಗಾಲದ ಹೂಗ್ಲಿಯಲ್ಲಿ ಹರ್ಷೆಲ್ ಅನ್ನುವ ಅಧಿಕಾರಿ ಒಬ್ಬ ಗುತ್ತಿಗೆದಾರನ ಕೈಯ ಅಚ್ಚನ್ನು ಕರಾರಿನ ಮೇಲೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಲಕ್ಷಾಂತರ ಅಚ್ಚುಗಳನ್ನು ಹೇಗೆ ವಿಂಗಡಿಸಿ ಇಟ್ಟರೆ ಬೇಕಾದಾಗ ಬೇಗ ಸಿಗುತ್ತದೆ ಅನ್ನುವ ಲೆಕ್ಕ ಕಟ್ಟಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದ್ದರು. ಹೆಸರು ಬಂದದ್ದು ಮಾತ್ರ ಅವರ ಮೇಲಧಿಕಾರಿ ಹೆನ್ರಿಗೆ. ಸರ್ಕಾರಿ ನೌಕರಿಯಲ್ಲಿ ಇದ್ದವರಿಗೆ ಇದು ಹೊಸದೇನಲ್ಲ ಬಿಡಿ.

ಬಂದೂಕಿನ ವಿಭಾಗ ಇನ್ನೊಂದು. ಇದು ನಮ್ಮ ಭಾಗದವರಿಗೆ ನೋವಿನಿಂದಲೇ ಪರಿಚಯ ಆದದ್ದು. ಎಂ.ಎಂ. ಕಲಬುರ್ಗಿ ಅವರು ನಮ್ಮ ವಿಜಯಪುರ ಜಿಲ್ಲೆ ಸಿಂದಗಿ ಕಡೆಯವರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಮನೆ ಬಾಗಿಲಲ್ಲೇ ಅವರಿಗೆ ಗುಂಡು ಹೊಡೆದರು. ಎರಡು ವರ್ಷ ಆದ ಮೇಲೆ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಊರು ಬೇರೆ, ತನಿಖೆ ಮಾಡುವವರು ಬೇರೆ. ಎರಡೂ ಕಡೆ ಸಿಕ್ಕ ಗುಂಡು, ಖಾಲಿ ತೋಟಾಗಳನ್ನು ಹೋಲಿಸಿದ ಲ್ಯಾಬ್, ಇವು ಒಂದೇ 7.65 ಎಂಎಂ ನಾಡ ಪಿಸ್ತೂಲಿನಿಂದ ಹಾರಿದವು ಅಂತ ವರದಿ ಕೊಟ್ಟಿತು. ಹೇಗೆ? ತೋಟಾದ ಹಿಂಭಾಗಕ್ಕೆ ಪಿಸ್ತೂಲಿನ ಮೊಳೆ ಬಡಿದಾಗ ಒಂದು ಗುಳಿ ಬೀಳುತ್ತದೆ, ಗುಂಡು ನಳಿಗೆಯೊಳಗೆ ಉಜ್ಜಿಕೊಂಡು ಹೋಗುವಾಗ ಗೀರು ಬೀಳುತ್ತದೆ. ಎರಡು ಮೈಕ್ರೋಸ್ಕೋಪನ್ನು ಒಂದಕ್ಕೊಂದು ಜೋಡಿಸಿದಂಥ ಯಂತ್ರದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಗೀರಿಗೆ ಗೀರು ಕೂಡಿಸಿ ನೋಡುತ್ತಾರೆ. ಪಿಸ್ತೂಲು ಕೈಗೆ ಸಿಗದೇ ಇದ್ದರೂ ಎರಡು ಕೊಲೆ ಒಂದಕ್ಕೊಂದು ಸೇರುತ್ತವೆ. ಧಾರವಾಡದ ಆ ತೋಟಾಗಳನ್ನು ಯಾರೋ ಸರಿಯಾಗಿ ಆರಿಸಿ, ಸೀಲ್ ಮಾಡಿ, ಸರಿಯಾದ ವಿಭಾಗಕ್ಕೆ ಕಳಿಸಿದ್ದರು. ಅದಕ್ಕೇ ಎರಡು ವರ್ಷ ಆದ ಮೇಲೂ ಅವು ಮಾತಾಡಿದವು.

ಅದೇ ನಮ್ಮ ಹಳ್ಳಿಯ ಕೇಸುಗಳಲ್ಲಿ ಏನಾಗುತ್ತದೆ ಅಂದರೆ, ರಕ್ತ ಹತ್ತಿದ ಹಸಿ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಹಾಕುತ್ತಾರೆ. ಮೇ ತಿಂಗಳ ಬಿಸಿಲಿಗೆ ಠಾಣೆಯ ಕಪಾಟಿನಲ್ಲಿ ನಾಲ್ಕು ದಿನ ಇದ್ದರೆ ಬೂಸ್ಟು ಬರುತ್ತದೆ. ಡಿಎನ್‌ಎ ಅಲ್ಲೇ ಹಾಳು. ನೆರಳಲ್ಲಿ ಗಾಳಿಗೆ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು. ನಾವು ಹಪ್ಪಳ ಸಂಡಿಗೆಗೆ ತೋರಿಸುವಷ್ಟು ಕಾಳಜಿ ತೋರಿಸಿದರೂ ಸಾಕು. ಡಿಎನ್‌ಎಗೆ ಹೋಗುವ ಅಂಗಕ್ಕೆ ಫಾರ್ಮಲಿನ್ ಹಾಕಿದರೆ ಅದೂ ಕೆಡುತ್ತದೆ. ಪೆಥಾಲಜಿಗೆ ಫಾರ್ಮಲಿನ್ ಇಲ್ಲದೆ ಆಗುವುದಿಲ್ಲ, ಡಿಎನ್‌ಎಗೆ ಫಾರ್ಮಲಿನ್ ಹಾಕಿದರೆ ಆಗುವುದಿಲ್ಲ. ಒಂದೇ ದೇಹ, ಒಂದೇ ಟೇಬಲ್ಲು, ಬಾಟಲಿ ಅದಲುಬದಲಾದರೆ ಎರಡೂ ಕೈಬಿಟ್ಟವು.

ಡಿಎನ್‌ಎ ಅಂದರೆ ಅಪರಾಧಿಯನ್ನು ಹಿಡಿಯುವ ಯಂತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿದ ಈ ವಿದ್ಯೆ ಕೊಲೆ ಕೇಸಿನಲ್ಲಿ ಮೊದಲು ಮಾಡಿದ ಕೆಲಸ ಏನು ಗೊತ್ತಾ? ತಾನೇ ಕೊಂದೆ ಅಂತ ಪೊಲೀಸರ ಮುಂದೆ ಒಪ್ಪಿಕೊಂಡಿದ್ದ ಹದಿನೇಳು ವರ್ಷದ ಹುಡುಗನನ್ನು ಬಿಡಿಸಿದ್ದು. ಅವನು ಕೊಂದಿರಲಿಲ್ಲ. ನಿಜವಾದ ಕೊಲೆಗಾರ ಆಮೇಲೆ ಸಿಕ್ಕ. ತಪ್ಪೊಪ್ಪಿಗೆ ಸಿಕ್ಕಿತು, ಇನ್ನು ಲ್ಯಾಬ್ ಯಾಕೆ ಅನ್ನುವವರಿಗೆ ಇದನ್ನು ಹೇಳಬೇಕು ಅನಿಸುತ್ತದೆ.

ಆಲಮಟ್ಟಿ ಹಿನ್ನೀರಿನಲ್ಲೋ, ಕಾಲುವೆಯಲ್ಲೋ ಹೆಣ ತೇಲಿ ಬಂದರೆ ಮುಳುಗಿ ಸತ್ತದ್ದೋ, ಸತ್ತ ಮೇಲೆ ಎಸೆದದ್ದೋ ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೆ ಡಯಾಟಮ್ ಪರೀಕ್ಷೆ ಇದೆ. ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿಯಂಥ ಜೀವಿಗಳಿರುತ್ತವೆ, ಅವಕ್ಕೆ ಗಾಜಿನಂಥ ಚಿಪ್ಪು. ಜೀವ ಇರುವಾಗ ನೀರು ಕುಡಿದರೆ ಅವು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಎಲುಬಿನ ಮಜ್ಜೆಯವರೆಗೂ ಹೋಗಬಹುದು. ಆಸಿಡ್ಡಿನಲ್ಲಿ ಮಜ್ಜೆ ಕರಗಿಸಿದರೂ ಚಿಪ್ಪು ಕರಗುವುದಿಲ್ಲ. ಆದರೆ ಹೋಲಿಸಲು ಅದೇ ಜಾಗದ ನೀರು ಬೇಕಲ್ಲ. ತೊಡೆಯ ಎಲುಬು ಕಳಿಸಿ ನೀರಿನ ಬಾಟಲಿ ಕಳಿಸದಿದ್ದರೆ ಅವರಾದರೂ ಏನು ಮಾಡಬೇಕು? ಇದೊಂದರ ಮೇಲೇ ತೀರ್ಮಾನ ಮಾಡುವ ಹಾಗೂ ಇಲ್ಲ, ಬೇರೆ ಗುರುತುಗಳ ಜೊತೆ ಸೇರಿಸಿ ನೋಡಬೇಕು ಅಂತ ಆ ಡಾಕ್ಟರು ಎರಡೆರಡು ಸಲ ಹೇಳಿದರು.

ಇನ್ನೂ ಎಷ್ಟೋ ಇವೆ. ಹೆಣದ ಮೇಲಿನ ನೊಣದ ಹುಳು ಎಷ್ಟು ಬೆಳೆದಿದೆ ಅಂತ ನೋಡಿ ಸತ್ತು ಎಷ್ಟು ದಿನ ಆಯಿತು ಅಂತ ಅಂದಾಜು ಮಾಡುವವರು ಇದ್ದಾರೆ. ಎಲುಬು ನೋಡಿ ಗಂಡೋ ಹೆಣ್ಣೋ, ವಯಸ್ಸೆಷ್ಟು ಅಂತ ಹೇಳುವವರು ಇದ್ದಾರೆ. ಹಲ್ಲಿನ ಡಾಕ್ಟರಿಗೂ ಇಲ್ಲಿ ಕೆಲಸ ಇದೆ. 2012ರ ದಿಲ್ಲಿಯ ನಿರ್ಭಯಾ ಪ್ರಕರಣದಲ್ಲಿ ಕಚ್ಚಿದ ಗುರುತುಗಳನ್ನು ಪರೀಕ್ಷಿಸಿ ವರದಿ ಕೊಟ್ಟದ್ದು ನಮ್ಮ ಧಾರವಾಡದ ದಂತ ಕಾಲೇಜಿನ ತಜ್ಞರು. ಆದರೆ ಕಚ್ಚಿದ ಗುರುತಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವ ಬಗ್ಗೆ ಹೊರದೇಶಗಳಲ್ಲಿ ದೊಡ್ಡ ತಕರಾರು ಇದೆ. ಎಲ್ಲಾ ವಿಭಾಗವೂ ಒಂದೇ ತೂಕದ್ದಲ್ಲ. ಮೊಬೈಲ್ ಬಗ್ಗೆ ಒಂದೇ ಮಾತು: ಜಪ್ತಿ ಮಾಡಿದ ಫೋನನ್ನು ತೆರೆದು ಠಾಣೆಯಲ್ಲೇ ಫೋಟೋ ನೋಡುತ್ತಾ ಕೂರಬೇಡಿ.

ಮಂಪರು ಪರೀಕ್ಷೆಯನ್ನಂತೂ ಎಲ್ಲರೂ ಕೇಳುತ್ತಾರೆ. ‘ಅವಂಗ ಮಂಪರ ಪರೀಕ್ಷೆ ಮಾಡಸ್ರಿ, ಎಲ್ಲಾ ಹೊರಗ ಬರ್ತೈತಿ’ ಅಂತ ಅರ್ಜಿ ಬರೆಸುತ್ತಾರೆ. ನಾನು ಬರೆದುಕೊಟ್ಟಿದ್ದೇನೆ ಕೂಡ, ಮೂವತ್ತು ರೂಪಾಯಿಗೆ. ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಮಾಡಬಾರದು ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಆ ತೀರ್ಪಿನ ಹೆಸರಲ್ಲೇ ಕರ್ನಾಟಕ ಇದೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಈಗ ಅಂಥ ಅರ್ಜಿ ಬಂದರೆ ಇದನ್ನು ಹೇಳಿ ವಾಪಸ್ ಕಳಿಸುತ್ತೇನೆ. ಎದುರಿನ ಅಂಗಡಿಯವನು ಬರೆದುಕೊಡುತ್ತಾನೆ.

ಸಾಹೇಬರೇ, ಈಗ ನನ್ನ ಬೇಡಿಕೆಗೆ ಬರುತ್ತೇನೆ. ಹೊಸ ಕಟ್ಟಡ ಕೇಳುತ್ತಿಲ್ಲ. ಬೆಳಗಾವಿಯಲ್ಲಿ ಪ್ರಾದೇಶಿಕ ಲ್ಯಾಬ್ ಇದೆ, ಬೆಂಗಳೂರಿನ ಮಡಿವಾಳದಲ್ಲಿ ದೊಡ್ಡದು ಇದೆ, ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಬಂದಿದೆ, 2023ರ ಜನವರಿಯಲ್ಲಿ ಅದರ ಅಡಿಗಲ್ಲು ಹಾಕಿದ್ದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಓದಿ ಬರುವ ನಮ್ಮ ಮಕ್ಕಳಿಗೆ ಈ ಲ್ಯಾಬುಗಳಲ್ಲಿ ಕೆಲಸ ಕೊಡಿ ಅಂತ ಕೇಳುವುದು ಇದ್ದೇ ಇದೆ, ಅದು ನಿಮ್ಮ ಮಟ್ಟದ ಮಾತು. ನಾನು ಕೇಳುವುದು ಒಂದು ಚೀಟಿ.

ಠಾಣೆಯಿಂದ ಏನನ್ನಾದರೂ ಲ್ಯಾಬಿಗೆ ಕಳಿಸಿದಾಗ ಮನೆಯವರಿಗೆ ಅರ್ಧ ಹಾಳೆಯ ಚೀಟಿ ಕೊಡಿ. ಕನ್ನಡದಲ್ಲಿ. ಏನು ಕಳಿಸಿದೆವು, ಯಾವುದರಲ್ಲಿ ಹಾಕಿ ಕಳಿಸಿದೆವು, ಯಾವ ವಿಭಾಗಕ್ಕೆ, ಯಾವ ಪ್ರಶ್ನೆ ಕೇಳಿದೆವು, ಯಾವ ತಾರೀಖು. ಅಷ್ಟೇ. ಅದರಲ್ಲಿ ಮುಖ್ಯವಾದದ್ದು ಪ್ರಶ್ನೆಯ ಸಾಲು. ‘ಸಾವಿಗೆ ಕಾರಣ ತಿಳಿಸಿ’ ಅಂತ ಬರೆಯುವ ಬದಲು ‘ಹಾವು ಕಚ್ಚಿದ ಅನುಮಾನ, ಕೇಸ್ ಶೀಟ್ ಲಗತ್ತಿಸಿದೆ’ ಅಂತ ಬರೆಯಲೇಬೇಕಾದರೆ, ಬರೆಯುವವರು ಒಂದು ನಿಮಿಷ ಯೋಚಿಸುತ್ತಾರೆ. ಆ ಒಂದು ನಿಮಿಷಕ್ಕೋಸ್ಕರವೇ ಈ ಪತ್ರ.

ಡಿಸಿ ಸಾಹೇಬರೇ, ನಿಮಗೆ ಇನ್ನೊಂದು. ವಿಷ ಕಂಡುಬಂದಿಲ್ಲ ಅನ್ನುವ ಒಂದು ಸಾಲು ಹಿಡಿದು ಹಾವು ಕಡಿತದ ಅರ್ಜಿ ತಿರಸ್ಕಾರ ಮಾಡಬೇಡಿ ಅಂತ ಕೆಳಗಿನ ಕಚೇರಿಗಳಿಗೆ ಒಂದು ಸುತ್ತೋಲೆ ಕಳಿಸಿ. ಚಿಕಿತ್ಸೆ ಕೊಟ್ಟ ಡಾಕ್ಟರ ದಾಖಲೆ, ಪೋಸ್ಟ್‌ಮಾರ್ಟಂ ಮಾಡಿದವರ ಅಭಿಪ್ರಾಯ ನೋಡಲಿ. ಆ ಸುತ್ತೋಲೆಯ ಡ್ರಾಫ್ಟ್ ಬೇಕಾದರೆ ನಾನೇ ಪುಕ್ಕಟೆ ಟೈಪ್ ಮಾಡಿಕೊಡುತ್ತೇನೆ.

ನಮ್ಮ ಮಂದಿಗೂ ಒಂದು ಮಾತು. ಮನೆಯಲ್ಲಿ ಹೆಣ ಇದ್ದಾಗ ಇದನ್ನೆಲ್ಲ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ, ಗೊತ್ತು. ಆದರೆ ದುಃಖ ಕಡಿಮೆ ಇರುವ ಯಾರಾದರೂ ಒಬ್ಬರು, ದೂರದ ಬೀಗರೋ, ಓಣಿಯ ಹುಡುಗನೋ, ಪಂಚನಾಮೆಯ ಹೊತ್ತಿಗೆ ಪಕ್ಕದಲ್ಲಿ ನಿಲ್ಲಿ. ಹಾವು ಕಚ್ಚಿದ ಜಾಗವನ್ನು ಡಾಕ್ಟರಿಗೆ ತೋರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯ ಚೀಟಿ ಎಸೆಯಬೇಡಿ. ಅಂಗಿ ತೊಳೆಯಬೇಡಿ. ಹಾವನ್ನು ಹಿಡಿದು ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬರಬೇಡಿ, ಅದು ಇನ್ನೊಬ್ಬರನ್ನು ಕಚ್ಚಿದರೆ ಕಷ್ಟ. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಾಕು.

ಕಾಕು ಮೇಲ್ಮನವಿ ಹಾಕಿದ್ದಾರೆ. ಕೇಸ್ ಶೀಟಿನ ನಕಲಿಗೆ ಆರ್‌ಟಿಐ ಹಾಕಿದೆವು, ಬಂದಿದೆ. ಅದರ ಎರಡನೇ ಪುಟದಲ್ಲಿ ರೆಪ್ಪೆ ಬಿದ್ದದ್ದು, ಇಂಜೆಕ್ಷನ್ನು, ಸಮಯ ಎಲ್ಲ ಇದೆ. ಆ ಪುಟವನ್ನು ಮೂರು ಪ್ರತಿ ಮಾಡಿ ಫೈಲಿಗೆ ಸೇರಿಸಿದ್ದೇನೆ.

ಚೀಟಿಯ ನಮೂನೆಯನ್ನೂ ಮಾಡಿಟ್ಟಿದ್ದೇನೆ. ಐದು ಸಾಲು, ಕೆಳಗೆ ಠಾಣೆಯ ಮುದ್ರೆಗೆ ಜಾಗ, ಎ4 ಹಾಳೆಯಲ್ಲಿ ಎರಡು ಬರುತ್ತದೆ. ನಿಮ್ಮ ಕಚೇರಿಯಿಂದ ಯಾರನ್ನಾದರೂ ಪೆನ್‌ಡ್ರೈವ್ ಕೊಟ್ಟು ಕಳಿಸಿ. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತೇನೆ, ಎರಡನೇ ಶನಿವಾರ ರಜೆ.

ಇಂತಿ,
ನವನಗರದ ಝೆರಾಕ್ಸ್ ಅಂಗಡಿಯವ